ಮೂವತ್ತಡಿ ಮನೆಗಾಡಿ

ಟೈಲರಕ್ಕನ ಅಂಗಡೀಲಿ ಬಟ್ಟೆ ಮಿಕ್ಕಿತು ಅನ್ನೋ ಮಾತೇ ಇಲ್ಲ. ಆನೆಗೆ ಅಂಗಿ ಹೊಲಿ ಅಂತ ಬಟ್ಟೆ ಕೊಟ್ರೂ, ಹೊಲಿದು ಮುಗಿಸೋ ಹೊತ್ತಿಗೆ ನೆಲದ ಮೇಲೆ ಉಳೀತಿದ್ದದ್ದು ಇರುವೆಗೊಂದು ಕರ್ಚೀಫ್ ಆಗೋವಷ್ಟೇ. ಅಂಥವಳ ಮೇಜಿನ ಮೇಲೆ ಆವತ್ತು ಬೆಳಿಗ್ಗೆ ಎಂಟಡಿ ನೀಲಿ ಬಟ್ಟೆ ಸುಮ್ನೆ ಬಿದ್ಕೊಂಡಿತ್ತು.

ಅದು ಮನೆಗಾಡಿಯ ಪರದೆಗೆ ತಂದ ಬಟ್ಟೆ. ಡ್ರೈವರ್ ಸೀಟಿನ ಮುಂದಿನ ಗಾಜಿಂದ ಹಿಂದಿನ ಬಾಗಿಲವರೆಗೂ ಒಂದೇ ತಂತಿ, ಒಂದೇ ಉದ್ದ ಪರದೆ. ನೆರಿಗೆ ಗಿರಿಗೆ ಏನಿಲ್ಲ. ಗಾಡಿ ಮೂವತ್ತಡಿ, ಹಾಗಾಗಿ ಬಟ್ಟೇನೂ ಮೂವತ್ತಡಿ ತಂದಿದ್ಲು. ಹಳೇ ಪರದೆ ಬಿಚ್ಕೊಂಡು ಬಂದು, ಹೊಸ ಬಟ್ಟೆ ಮೇಲೆ ಹಾಸಿ, ಅದರ ಅಳತೆಗೇ ಕತ್ತರಿಸಿದ್ಲು. ಮಿಕ್ಕಿದ್ದನ್ನ ನೋಡಿ ಮೊದಲು ಬಟ್ಟೆ ಅಂಗಡಿಯವನ ಮೇಲೆ ಅನುಮಾನ ಬಂತು. ಆಮೇಲೆ ತನ್ನ ಕನ್ನಡಕದ ಮೇಲೆ ಬಂತು. ಮೆಷಿನ್ ಮುಂದಿನ ಸ್ಟೂಲಿನ ಮೇಲೆ ಕೂತು ಒಂದು ಲೋಟ ಚಹಾ ಕುಡಿದ ಮೇಲೆ, ಕೊನೆಗೆ ಅಪ್ಪನ ಮೇಲೆ ಬಂತು.

ಅಪ್ಪ ಬಸ್ಸಿನ ಬಾಡಿ ಕಟ್ಟೋ ಬಡಗಿ. ಗುಜರಿಗೆ ಹೋಗ್ತಿದ್ದ ಒಂದು ಬಸ್ಸನ್ನ ದಾರೀಲೇ ತಡೆದು ಮನೆಗೆ ತಂದಿದ್ದ. ಸೀಟು ಕಿತ್ತು ಹಾಕಿ, ನಾಲ್ಕು ಮಂಚ, ಒಂದು ಒಲೆ, ಪಾತ್ರೆ ತೊಳೆಯೋಕೆ ತೊಟ್ಟಿ, ಮಡಚೋ ಮೇಜು ಎಲ್ಲಾ ಕೂರಿಸಿ ಮನೇನೇ ಮಾಡಿಬಿಟ್ಟ. ಅದರ ಹಾರ್ನ್ ಹೊಡೆದ್ರೆ ಮೂರು ಬೀದಿ ಆಚೆ ಹಾಲು ಒಡೀತಿತ್ತು. ಅಮ್ಮನ ತವರುಮನೆ ಹಜಾರ ಮೂವತ್ತಡಿ ಅಂತ ಅಮ್ಮ ದಿನಕ್ಕೆ ಹತ್ತು ಸಲ ಹೇಳ್ತಿದ್ಲು. ಗಾಡಿ ರೆಡಿ ಆದ ದಿನ ಅಪ್ಪ ಬಾಗಿಲಲ್ಲಿ ನಿಂತು, ಇದೂ ಮೂವತ್ತೇ, ಒಂದಿಂಚು ಕಮ್ಮಿ ಇದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ ಅಂದ. ಅಲ್ಲಿಗೆ ಮುಗೀತು. ದೇವರ ಎತ್ತರ ಯಾರಾದ್ರೂ ಟೇಪು ಹಿಡಿದು ನೋಡ್ತಾರಾ? ಗಾಡಿ ಪುಸ್ತಕದಲ್ಲಿ ನೋಡೋಣ ಅಂದ್ರೆ, ಗೆದ್ದಲು ಬೇರೆ ಎಲ್ಲಾ ಬಿಟ್ಟು ಆ ಸಾಲನ್ನೇ ತಿಂದಿತ್ತು.

ಪ್ರತಿ ಬೇಸಿಗೆ ಆ ಗಾಡೀಲಿ ಬೆಟ್ಟದ ಮೇಲಿನ ಕೆರೆ ಪಾರ್ಕಿಗೆ ಹೋಗ್ತಿದ್ರು. ನೀರಿನ ಅಂಚಲ್ಲಿ ಹನ್ನೊಂದನೇ ನಂಬರಿನ ಜಾಗ ಅವರದ್ದು. ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಕೆರೆ ಮೆಟ್ಟಿಲ ಹತ್ರಾನೇ ಬಂದು ಕೂತಿರ್ತಿತ್ತು, ಏನಾದ್ರೂ ತಿಂಡಿ ಕೊಡಿ ಅನ್ನೋ ಹಾಗೆ. ಅಲ್ಲಿ ಒಂದು ಮೀನಿತ್ತಂತೆ, ದೋಣಿಯನ್ನೇ ದಿಂಬು ಮಾಡ್ಕೊಂಡು ಮಲಗ್ತಿತ್ತಂತೆ. ಅಪ್ಪ ಅದರ ಜೊತೆ ಮಾತಾಡಿದ್ನಂತೆ. ಅಮ್ಮ ಮೊಟ್ಟೆ ಒಡೀತಾ, ಹೌದೌದು, ನಾನೂ ಕೇಳಿಸ್ಕೊಂಡೆ, ಬಾಯಿ ತುಂಬಾ ನೀರಿತ್ತು, ಮಾತು ಸರಿಯಾಗಿ ತಿಳೀಲಿಲ್ಲ ಅಂತಿದ್ಲು. ಟೈಲರಕ್ಕನಿಗೆ ಆ ಒಲೆ ಹೊಗೆ ವಾಸನೆ, ಒದ್ದೆ ಟವೆಲ್ಲು, ಅಣ್ಣ ಮೇಲಿನ ಮಂಚದಿಂದ ಕಾಲು ಇಳಿಬಿಟ್ಟು ಅವಳ ತಲೆ ಒದೀತಿದ್ದದ್ದು, ಎಲ್ಲಾ ನಿನ್ನೆ ಸಂಜೆ ಆದ ಹಾಗಿತ್ತು.

ಅಪ್ಪ ಅಮ್ಮ ಹೋದ ಮೇಲೂ ಅಣ್ಣ ತಂಗಿ ಬಿಡದೆ ಹೋಗ್ತಿದ್ರು. ಎರಡು ವರ್ಷದ ಹಿಂದೆ ಪಾರ್ಕಿನವರು ಹೊಸ ರೂಲ್ಸ್ ತಂದ್ರು. ಇಪ್ಪತ್ತನಾಲ್ಕಡಿಗಿಂತ ಉದ್ದದ ಗಾಡಿ ಕೆರೆ ಹತ್ರ ಬರೋ ಹಾಗಿಲ್ಲ. ಅರ್ಜೀಲಿ ಉದ್ದ ಎಷ್ಟು ಅಂತ ಇದ್ದ ಕಡೆ ಅಣ್ಣ ಎದೆ ಉಬ್ಬಿಸಿ ಮೂವತ್ತು ಅಂತ ಬರೆದ. ಆಗಲ್ಲ ಅಂತ ಬಂತು. ಮರುವರ್ಷವೂ ಬರೆದ. ಮತ್ತೆ ಆಗಲ್ಲ.

ಈ ವರ್ಷ ಹಾಗೆ ಬಿಡೋ ಹಾಗಿರಲಿಲ್ಲ. ಅಣ್ಣನಿಗೆ ಕಣ್ಣು ಮಂಜಾಗ್ತಾ ಬಂದಿತ್ತು. ಇನ್ನೆರಡು ತಿಂಗಳಿಗೆ ಲೈಸೆನ್ಸ್ ಮುಗಿಯುತ್ತೆ, ಮುಂದಿನ ಸಲ ನಾನು ಸಹಿ ಹಾಕಲ್ಲ ಅಂತ ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ರು. ಬೇರೆ ಯಾರಿಗೂ ಆ ಗಾಡಿ ಬಗ್ಗಲ್ಲ. ಅದರ ಗೇರು ಹಾಕೋಕೆ ಮೊದಲು ಸಮಾಧಾನದ ಮಾತಾಡಬೇಕು, ಆಮೇಲೆ ಬೈಬೇಕು. ಈ ಸಲ ಹೋದ್ರೆ ಹೋದ ಹಾಗೆ, ಇಲ್ಲಾಂದ್ರೆ ಇಲ್ಲ. ಅದಕ್ಕೇ ಅಣ್ಣ, ಆರಡಿ ಹೆಚ್ಚಿರೋದನ್ನ ದಯವಿಟ್ಟು ಮನ್ನಿಸಿ ಅಂತ ಪಾರ್ಕಿಗೆ ಕಾಗದ ಬರೆದು, ಉತ್ತರಕ್ಕೆ ಕಾಯ್ತಾ ಕೂತಿದ್ದ.

ಟೈಲರಕ್ಕ ಟೇಪನ್ನ ಕುತ್ತಿಗೆಗೆ ಹಾಕ್ಕೊಂಡು, ಹಳೇ ಪರದೆಯನ್ನ ಕಂಕುಳಲ್ಲಿ ಇಟ್ಕೊಂಡು ಅಣ್ಣನ ಮನೆಗೆ ನಡೆದ್ಲು. ಊರಿನವರ ಸೊಂಟ ಎಲ್ಲಾ ಅಳೆದವಳು, ಹಿತ್ತಲಲ್ಲಿ ನಿಂತ ಸ್ವಂತ ಗಾಡಿಗೆ ಇವತ್ತಿನವರೆಗೂ ಟೇಪು ಮುಟ್ಟಿಸಿರಲಿಲ್ಲ. ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಮೂತಿಯಿಂದ ಬಾಲದವರೆಗೂ ಹೋದ್ಲು. ಇಪ್ಪತ್ತೆರಡಡಿ ಮೂರಿಂಚು. ಬಾಲದಿಂದ ಮೂತಿಗೆ ವಾಪಸ್ ಅಳೆದ್ಲು. ಅಷ್ಟೇ.

ಕುಣ್ಕೊಂಡು ಒಳಗೆ ಹೋಗಿ ಹೇಳಿದ್ರೆ ಅಣ್ಣನ ಮುಖ ಸುಟ್ಟ ಬದನೆಕಾಯಿ ಆಯ್ತು. ನಲವತ್ತು ವರ್ಷ ಒಂದೇ ಕಟ್ಟಡದಲ್ಲಿ ಲಿಫ್ಟ್ ಓಡಿಸಿದವನು ಅವನು. ಮೇಲೆ ಹೋಗಿದ್ದು ಕೆಳಗೆ ಬಂದಿದ್ದು ಎಲ್ಲಾ ಪೇರಿಸಿದ್ರೆ ಚಂದ್ರನ್ನ ಮುಟ್ಟಿ ಊಟದ ಹೊತ್ತಿಗೆ ವಾಪಸ್ ಬರಬಹುದಿತ್ತು. ಅವನು ಮುಂದಕ್ಕೆ ಅಂತ ಹೋಗ್ತಿದ್ದದ್ದು ವರ್ಷಕ್ಕೆ ಆ ಒಂದೇ ವಾರ, ಆ ಮೂವತ್ತಡಿಯಲ್ಲಿ.

ನಿನ್ನ ಟೇಪು ಎಳೆದೂ ಎಳೆದೂ ಹಿಗ್ಗಿದೆ ಅಂದ. ಚಪ್ಪಲಿ ಬಿಟ್ಟು ತಾನೇ ಹೋಗಿ ಹಿಮ್ಮಡಿಗೆ ಹೆಬ್ಬೆಟ್ಟು ತಾಗಿಸ್ತಾ ನಡೆದ. ಇಪ್ಪತ್ತೊಂದು ಬಂತು. ಆಮೇಲೆ ತನ್ನ ಕಾಲನ್ನೇ ಒಂದು ಗಳಿಗೆ ದುರುಗುಟ್ಟಿ ನೋಡಿದ.

ಅತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದು ನಕ್ಕುಬಿಟ್ಲು. ಮೂವತ್ತಡಿ ಕಸ ಗುಡಿಸಿ ಗುಡಿಸಿ ಸೊಂಟ ಬಿದ್ದೋಯ್ತು ಅಂತ ನಾನು ಇಷ್ಟು ವರ್ಷ ಮುಲಾಮು ಹಚ್ಕೊಂಡಿದ್ದೆಲ್ಲಾ ದಂಡ ಆಯ್ತಲ್ಲ ಅಂದ್ಲು. ಅಣ್ಣ ನಗಲಿಲ್ಲ. ಗಾಡಿ ಮೆಟ್ಟಿಲ ಮೇಲೆ ಹೋಗಿ ಕೂತ. ಟೈಲರಕ್ಕ ಹೋಗಿ ಪಕ್ಕದಲ್ಲಿ ಕೂತ್ಲು.

"ಮೀನಿನ ಕತೆ ಬಿಡು, ಅದು ಕತೆ ಅಂತ ನಂಗೂ ಗೊತ್ತಿತ್ತು," ಅಂದ ಅಣ್ಣ. "ಗಾಡಿ ಅಪ್ಪ ಕೈಯಾರೆ ಕಟ್ಟಿದ್ದು ಕಣೇ. ಅದರಲ್ಲೂ ಸುಳ್ಳು ಹೇಳಿದ್ನಾ? ಅಮ್ಮ ಪಾಪ, ಸಾಯೋವರೆಗೂ ನಂಬಿದ್ಲು. ನಾನು ಇಪ್ಪತ್ತೆರಡು ಅಂತ ಬರೆಯಲ್ಲ."

ಅಷ್ಟರಲ್ಲಿ ಒಳಗಡೆ ಫೋನ್ ಹೊಡ್ಕೊಳ್ತು. ಅತ್ತಿಗೆ ಎತ್ತಿ, ರೀ, ಪಾರ್ಕ್ ಆಫೀಸಿನವರು ಅಂತ ಕೂಗಿ, ಫೋನ್ ಹಿಡ್ಕೊಂಡೇ ಬಂದ್ಲು. ಆರಡಿ ಮನ್ನಿಸೋಕೆ ಆಗಲ್ವಂತೆ. ಕೆರೆ ಅಂಚಲ್ಲಿ ಉಳಿದಿರೋದು ಒಂದೇ ಜಾಗ ಅಂತೆ, ಹನ್ನೊಂದು ಅಲ್ಲ, ಹದಿನಾಲ್ಕನೇದು. ಚಿಕ್ಕ ಗಾಡಿ ಯಾವುದಾದ್ರೂ ಇದ್ರೆ ಈಗಲೇ ಹೇಳಬೇಕಂತೆ, ಇಲ್ಲಾಂದ್ರೆ ಇನ್ನೊಬ್ರು ಕಾಯ್ತಿದ್ದಾರಂತೆ. ಅಣ್ಣ ಬೇಡ ಅಂತ ತಲೆ ಅಲ್ಲಾಡಿಸಿದ. ಟೈಲರಕ್ಕ ಫೋನ್ ಇಸ್ಕೊಂಡು, ಒಂದೇ ಒಂದು ನಿಮಿಷ ತಾಯಿ ಅಂತ ಹೇಳಿ, ಅದನ್ನ ಸೆರಗಲ್ಲಿ ಒತ್ತಿ ಹಿಡಿದ್ಲು. ಕಂಕುಳಲ್ಲಿದ್ದ ಹಳೇ ಪರದೆಯನ್ನ ಅಣ್ಣನ ತೊಡೆ ಮೇಲೆ ಹಾಕಿದ್ಲು.

"ಇದನ್ನ ಹೊಲಿದಿದ್ದು ಯಾರು?"

"ಅಮ್ಮ."

"ಯಾವಾಗ?"

"ಗಾಡಿ ಬಂದ ವಾರಾನೇ. ನಾನೇ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದೆ."

"ಅಂಚು ಮುಟ್ಟಿ ನೋಡು. ಒಂದು ಬೆರಳು ಬಟ್ಟೆ ಜಾಸ್ತಿ ಮಡಚಿಲ್ಲ. ಎಲ್ಲೂ ಕತ್ತರಿಸಿ ಜೋಡಿಸಿಲ್ಲ. ಒಳಗೆ ನಿಂತು ಅಳೀದೆ ಹೀಗೆ ಹೊಲಿಯೋಕೆ ನನ್ನ ಕೈಲೂ ಆಗಲ್ಲ ಅಣ್ಣಾ, ನಂಗೆ ಹೊಲಿಗೆ ಕಲಿಸಿದ್ದೇ ಅಮ್ಮ. ಅವಳಿಗೆ ಮೊದಲನೇ ವಾರವೇ ಗೊತ್ತಿತ್ತು."

ಅಣ್ಣ ಅಂಚನ್ನ ಬೆರಳಲ್ಲಿ ಸವರ್ತಾ ಹೋದ. ಮಂಜುಗಣ್ಣಿಗೆ ಹೊಲಿಗೆ ಕಾಣ್ಲಿಲ್ಲ, ಬೆರಳಿಗೆ ಸಿಕ್ತು. ಸಣ್ಣ ಸಣ್ಣ ಹೊಲಿಗೆ, ಒಂದೂ ತಪ್ಪಿಲ್ಲ.

"ಮತ್ತೆ ನೆರೆಯವರಿಗೆಲ್ಲಾ ನಮ್ಮ ಗಾಡಿ ಮೂವತ್ತಡಿ ಅಂತ ಸಾರ್ತಿದ್ಲಲ್ಲೇ. ಅಪ್ಪನಿಗಿಂತ ಜೋರಾಗಿ."

"ತವರುಮನೆ ಹಜಾರದ ಮಾತು ಆಮೇಲೆ ಯಾವತ್ತಾದ್ರೂ ಎತ್ತಿದ್ಲಾ?"

ಅಣ್ಣ ಯೋಚನೆ ಮಾಡಿದ. ಮಾಡ್ತಾ ಮಾಡ್ತಾ ಹೊಟ್ಟೆ ಕುಲುಕೋಕೆ ಶುರುವಾಯ್ತು. ಮೊದಲು ಸದ್ದಿಲ್ಲ. ಆಮೇಲೆ ಮೆಟ್ಟಿಲು ಅಲ್ಲಾಡ್ತು, ಗಾಡಿ ಅಲ್ಲಾಡ್ತು, ಒಳಗೆ ಮೊಳೆಗೆ ನೇತು ಹಾಕಿದ್ದ ಬಾಣಲೆ ಗಣ ಗಣ ಅಂತು. ಕಣ್ಣಲ್ಲಿ ನೀರು ಬಂತು. ಅದನ್ನ ಪರದೇಲೇ ಒರೆಸ್ಕೊಂಡು ಕೈ ಚಾಚಿದ.

"ಹಲೋ, ಮೇಡಂ. ನಾನು ತಪ್ಪು ಬರೆದಿದ್ದೆ. ಇಪ್ಪತ್ತೆರಡಡಿ ಮೂರಿಂಚು. ಹ್ಞೂಂ, ಇವತ್ತೇ ಅಳೆದದ್ದು. ಆ ಹದಿನಾಲ್ಕನ್ನ ನಮ್ಮ ಹೆಸರಿಗೆ ಬರ್ಕೊಳ್ಳಿ."

ಆಮೇಲಿನ ನಾಲ್ಕು ದಿನ ಮನೇಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಅತ್ತಿಗೆ ಎರಡೆರಡು ಸಲ ಪಟ್ಟಿ ಮಾಡಿದ್ಲು, ಎರಡರಲ್ಲೂ ಬೆಂಕಿಪೆಟ್ಟಿಗೆ ಮರೆತ್ಲು. ಟೈಲರಕ್ಕ ಅಂಗಡಿ ಬಾಗಿಲಿಗೆ ಒಂದು ವಾರ ರಜಾ ಅಂತ ಚೀಟಿ ಅಂಟಿಸಿದ್ಲು. ಮದುವೆ ರವಿಕೆಯವರು ಬಂದು ಬಾಯಿಗೆ ಬಂದ ಹಾಗೆ ಬೈದು ಹೋದ್ರು. ಅಣ್ಣ ಇಂಜಿನ್ನಿಗೆ ಎರಡು ದಿನ ಸಮಾಧಾನ ಹೇಳಿದ, ಮೂರನೇ ದಿನ ಬೈದ, ನಾಲ್ಕನೇ ದಿನ ಅದು ಸ್ಟಾರ್ಟ್ ಆಯ್ತು.

ಹೊರಟ ದಿನ ಬೆಳಿಗ್ಗೆ ಹೊಸ ನೀಲಿ ಪರದೆ ಗಾಳಿಗೆ ಪಟಪಟ ಅಂತಿತ್ತು. ಟೈಲರಕ್ಕ ಅಣ್ಣನ ಪಕ್ಕದ ಸೀಟಲ್ಲಿ ಕೂತಿದ್ಲು, ಅತ್ತಿಗೆ ಹಿಂದೆ ಮಂಚದ ಮೇಲೆ ಕಾಲು ಚಾಚಿದ್ಲು. ಬೀದಿ ಕೊನೇಲಿ, ಬೇಕರಿ ಮೂಲೇಲಿ ತಿರುಗಬೇಕು. ಇಪ್ಪತ್ತೆರಡಡಿ ಗಾಡಿಗೆ ಅದು ಆರಾಮದ ತಿರುವು. ಅಣ್ಣ ಮಾತ್ರ ಸ್ಟೀರಿಂಗ್ ಮೇಲೆ ಬಗ್ಗಿ, ಎದುರಿನ ಫುಟ್‌ಪಾತ್ ಮುಟ್ಟೋವರೆಗೂ ಮುಂದೆ ಹೋಗಿ, ಬೇಕರಿಯವನನ್ನ ಒಳಗೆ ಓಡಿಸಿ, ಹಿಂದಿನ ಎಂಟಡಿಗೂ ಜಾಗ ಬಿಟ್ಕೊಂಡು, ನಿಧಾನಕ್ಕೆ, ಅಗಲವಾಗಿ ತಿರುಗಿಸಿದ.

"ಹಿಂದೆ ಬಂತಾ?" ಅಂತ ಕೇಳಿದ.

ಟೈಲರಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಲದ ಕಡೆ ನೋಡಿದ್ಲು.

"ಇನ್ನೂ ಸ್ವಲ್ಪ ಬಿಡಣ್ಣಾ," ಅಂದ್ಲು.