ಐದೂವರೆ ನಿಮಿಷ

ಸೀಟಿ ಊದಿದಾಗ ಅವಳು ಇನ್ನೂ ಮೂರನೆಯ ಸುತ್ತಿನ ನಡುವೆ ಇದ್ದಳು.

"ಸಾಕು ಬಾಮ್ಮ," ಎಂದು ಡ್ರಿಲ್ ಮೇಷ್ಟ್ರು ಕೈಬೀಸಿ ಕರೆದರು. "ಎಲ್ಲರೂ ಮುಗ್ಸಿ ಎಷ್ಟು ಹೊತ್ತಾಯ್ತು." ಸ್ಟಾಪ್‌ವಾಚು ಆಗಲೇ ಅವರ ಜೇಬು ಸೇರಿತ್ತು.

ಮೈದಾನಕ್ಕೆ ನಾಲ್ಕು ಸುತ್ತು, ಆರು ನಿಮಿಷದೊಳಗೆ ಮುಗಿಸಿದವರು ಪಾಸು. ತಿಂಗಳಿಗೊಮ್ಮೆ ಈ ಪರೀಕ್ಷೆ, ತಿಂಗಳಿಗೊಮ್ಮೆ ಈ ಸೀಟಿ. ಕೊನೆಗೆ ಬಂದವರು ಚೆಂಡುಗಳ ಬಲೆಚೀಲವನ್ನೂ ರಿಜಿಸ್ಟರನ್ನೂ ಸ್ಟಾಫ್ ರೂಮಿಗೆ ಹೊತ್ತೊಯ್ದು ಇಡಬೇಕೆಂದು ಎಂಟನೇ ತರಗತಿಯಲ್ಲಿ ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಈಗ ಅವಳು ಹತ್ತನೇ ತರಗತಿ. ಈ ಎರಡು ವರ್ಷದಲ್ಲಿ ಆ ಚೀಲವನ್ನು ಇನ್ನೊಬ್ಬರು ಮುಟ್ಟಿದ್ದಿಲ್ಲ. ಹಾಗಾಗಿ ಅವಳಿಗೆ 'ಲಗೇಜು' ಎಂಬ ಹೆಸರು ಬಿತ್ತು. ಟೀಮು ಆರಿಸುವಾಗ ನಾಯಕಿಯರಿಬ್ಬರೂ, "ಲಗೇಜನ್ನ ನೀವೇ ಇಟ್ಕೊಳ್ಳಿ, ಬೇಕಾದ್ರೆ ಎರಡು ಪಾಯಿಂಟ್ ಬಿಟ್ಕೊಡ್ತೀವಿ," ಎಂದು ಅವಳ ಎದುರೇ ಚೌಕಾಸಿಗಿಳಿಯುತ್ತಿದ್ದರು. ಅವಳು ಹಲ್ಲುಕಚ್ಚಿ ನಿಲ್ಲುತ್ತಿದ್ದಳು. ನಗುವುದಕ್ಕೂ ಒಂದೆರಡು ಸಲ ಪ್ರಯತ್ನಿಸಿದ್ದುಂಟು, ಆ ನಗುವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತಿತ್ತು.

ಇವತ್ತೂ ಚೀಲ ಹೆಗಲಿಗೇರಿಸಿ ಹೊರಟಳು. ಮೆಟ್ಟಿಲ ಬಳಿ ರಿಜಿಸ್ಟರಿನೊಳಗಿದ್ದ ಪೆನ್ನು ಜಾರಿ ಬಿತ್ತು. ಅದನ್ನು ಹೆಕ್ಕಲು ಬಗ್ಗಿದಾಗ ಕೈಲಿದ್ದ ರಿಜಿಸ್ಟರು ತೆರೆದುಕೊಂಡಿತು. ಮೂವತ್ತೊಂದು ಅವಳ ನಂಬರು. ಆ ಸಾಲಿನುದ್ದಕ್ಕೂ ಐದೂವರೆ, ಐದೂವರೆ, ಐದೂವರೆ. ತಾನು ಓಡಿದ ಎರಡೂವರೆ ಸುತ್ತಿಗೆ ಮೇಷ್ಟ್ರು ಹೇಗೋ ಲೆಕ್ಕ ಹಾಕುತ್ತಾರೆ ಎಂದು ಅವಳು ಇಷ್ಟು ದಿನ ನಂಬಿದ್ದಳು. ಆದರೆ ಇನ್ನೂ ಓಡದ ಮುಂದಿನ ತಿಂಗಳ ಚೌಕದಲ್ಲೂ, ಉಳಿದ ಮಕ್ಕಳದೆಲ್ಲ ಖಾಲಿ ಇರುವಾಗ, ಅವಳೊಬ್ಬಳ ಮುಂದೆ ಐದೂವರೆ ಎಂದು ಬರೆದಾಗಿತ್ತು.

ಪಿತ್ತ ನೆತ್ತಿಗೇರಿತು. ಬಂದ ದಾರಿಯಲ್ಲೇ ವಾಪಸು ನಡೆದಳು. ಮೇಷ್ಟ್ರು ಕಟ್ಟೆಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಸಾರ್, ಮುಂದಿನ ತಿಂಗಳು ನಾನು ಎಷ್ಟು ನಿಮಿಷಕ್ಕೆ ಓಡ್ತೀನಿ ಅಂತ ನಿಮಗೆ ಈಗ್ಲೇ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಒಂದು ಕ್ಷಣ ಪೆಚ್ಚಾದರು, ಆಮೇಲೆ ನಕ್ಕರು. "ಒಟ್ಟಿಗೇ ಬರೆದಿಟ್ಟೆ ಅಷ್ಟೆ. ನಿನ್ನ ಒಳ್ಳೇದಕ್ಕೇ ಕಣಮ್ಮ, ಪಾಸಾಗಿದೀಯಲ್ಲ. ನಿಮ್ಮಮ್ಮನೇ ಬಂದು ಕೇಳ್ಕೊಂಡ್ರು, ಅವಳ ಕೈಲಿ ಆಗಲ್ಲ ಸಾರ್, ಹೇಗಾದ್ರೂ ದಾಟಿಸ್ಬಿಡಿ ಅಂತ."

ಅಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳ ಟೋಕನ್ ಚೀಟಿ ಬರೆಯುವವಳು. ಪ್ರತಿ ಸಲ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವಾಗ, "ನೋಡು, ಆಟದಲ್ಲೂ ಪಾಸು," ಎಂದು ತಲೆ ಸವರುತ್ತಿದ್ದಳು. ಆ ಕೈ ನೆನಪಾಗಿ ಅವಳಿಗೆ ಮೇಷ್ಟ್ರಿಗಿಂತ ಅಮ್ಮನ ಮೇಲೆ ಹೆಚ್ಚು ಸಿಟ್ಟು ಬಂತು. 'ಲಗೇಜು' ಎಂದವರಾದರೂ ಎದುರಿಗೇ ಅಂದಿದ್ದರು.

ಅವಳು ಚೀಲವನ್ನು ಅವರ ಕಾಲ ಬಳಿ ದೊಪ್ಪೆಂದು ಇಳಿಸಿದಳು. "ವಾಚು ತೆಗೀರಿ ಸಾರ್. ಓಡ್ತೀನಿ."

"ಊಟದ ಹೊತ್ತಲ್ಲಿ ಎಂಥ ಓಟ? ಈಗ ತಾನೇ ಸುಸ್ತಾಗಿ ಬಂದಿದೀಯ. ನಿಜ ಬರೆದ್ರೆ ಫೇಲಾಗ್ತೀಯ, ತಿಳ್ಕೊ."

"ಆಗ್ಲಿ. ನಾನು ಓಡಿದ್ದನ್ನ ಬರೀರಿ, ಇಲ್ಲಾಂದ್ರೆ ಈ ರಿಜಿಸ್ಟರ್ ಹೆಡ್‌ಮಿಸ್ ಟೇಬಲ್ ಮೇಲಿರುತ್ತೆ."

ಮೇಷ್ಟ್ರು ಡಬ್ಬಿ ಮುಚ್ಚಿದರು.

ಮೊದಲ ಸುತ್ತು ಸಿಟ್ಟಿನಲ್ಲೇ ಮುಗಿಯಿತು. ಎರಡನೆಯದರಲ್ಲಿ ಊಟಕ್ಕೆ ಕೂತವರು ಎದ್ದು ಬಂದು, "ಲಗೇಜು ಹೊರಟಿತು, ದಾರಿ ಬಿಡ್ರೋ," ಎಂದು ಕೂಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯದರಲ್ಲಿ ಪಕ್ಕೆ ಹಿಡಿದುಕೊಂಡು ಬಿರಬಿರನೆ ನಡೆದಳು, ಮತ್ತೆ ಓಡಿದಳು. ಯಾವಾಗಲೂ ಸೀಟಿ ಕೇಳುತ್ತಿದ್ದ ಜಾಗ ದಾಟಿತು. ನಾಲ್ಕನೆಯ ಸುತ್ತಿನ ನೆಲ ಅವಳು ಪರೀಕ್ಷೆಯಲ್ಲಿ ಯಾವತ್ತೂ ತುಳಿದದ್ದೇ ಅಲ್ಲ. ಕಾಲು ಕಬ್ಬಿಣವಾಗಿತ್ತು, ಬಾಯಿ ಒಣಗಿತ್ತು. ಅಮ್ಮನನ್ನೂ ಮೇಷ್ಟ್ರನ್ನೂ ಮನಸ್ಸಿನಲ್ಲೇ ಬೈಯುತ್ತ, ಒಂದೊಂದು ಬೈಗುಳಕ್ಕೆ ಒಂದೊಂದು ಹೆಜ್ಜೆ ಎತ್ತಿಟ್ಟಳು. ಸುಣ್ಣದ ಗೆರೆ ದಾಟಿದಾಗ ಕೂಗುತ್ತಿದ್ದವರು ಬೇಜಾರಾಗಿ ವಾಪಸು ಹೋಗಿದ್ದರು.

"ಒಂಬತ್ತು ನಿಮಿಷ ಹನ್ನೊಂದು ಸೆಕೆಂಡು," ಎಂದರು ಮೇಷ್ಟ್ರು. ಪೆನ್ನು ಹಿಡಿದು ಅವಳ ಮುಖ ನೋಡಿದರು. "ಒಂಬತ್ತಮ್ಮ. ಆರಲ್ಲ."

"ಗೊತ್ತು. ಬರೀರಿ."

ಅವರು ಈ ತಿಂಗಳ ಐದೂವರೆ ಹೊಡೆದುಹಾಕಿ ಬರೆದರು. ಮುಂದಿನ ತಿಂಗಳ ಚೌಕವನ್ನು ಅವಳೇ ಬೆರಳಿಟ್ಟು ತೋರಿಸಿದಳು. ಅದನ್ನೂ ಹೊಡೆದುಹಾಕಿದರು.

ಅವಳು ನಲ್ಲಿಯ ಕಡೆ ನಡೆದಳು. ನೀರು ಕುಡಿದು ತಲೆಯೆತ್ತಿದಾಗ, ಒಂದು ಕೈಯಲ್ಲಿ ಡಬ್ಬಿ, ಕಂಕುಳಲ್ಲಿ ರಿಜಿಸ್ಟರು, ಹೆಗಲಿಗೆ ಬಲೆಚೀಲ ಹಾಕಿಕೊಂಡು ಮೇಷ್ಟ್ರು ಸ್ಟಾಫ್ ರೂಮಿನ ಮೆಟ್ಟಿಲು ಹತ್ತುತ್ತಿದ್ದರು. ಒಂದು ಚೆಂಡು ಚೀಲದಿಂದ ನುಸುಳಿ, ಮೆಟ್ಟಿಲಿಳಿದು, ಉರುಳುತ್ತ ಬಂದು ಅವಳ ಕಾಲ ಹತ್ತಿರ ನಿಂತಿತು. ಅವಳು ಬಗ್ಗಿ ಇನ್ನೊಂದು ಬೊಗಸೆ ನೀರು ಕುಡಿದಳು.