ಕೊನೆಗೆ ಬಂದು ಕೂತ ಅಜ್ಜಿ

ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಅತ್ತೆಯದು ಒಂದೇ ಕಾನೂನು: ಪುಸ್ತಕ ಹೊಲಿಯುವವರು ಪುಸ್ತಕ ಓದಬಾರದು. ಹದಿನಾಲ್ಕು ವರ್ಷ ನಾನೂ ಪಾಲಿಸಿದೆ. ದೊಡ್ಡ ತ್ಯಾಗವೇನಲ್ಲ ಬಿಡಿ. ನನ್ನ ಕೈಗೆ ಬರುತ್ತಿದ್ದದ್ದೆಲ್ಲ ತೆರಿಗೆ ಕಾಯಿದೆ, ಹಾಜರಿ ಪುಸ್ತಕ.

ಒಂದು ದಿನ ಔಷಧಿ ಅಂಗಡಿಯವರು ಕಾದಂಬರಿಯೊಂದನ್ನು ತಂದರು. ಹೊಲಿಗೆ ಬಿಚ್ಚಿತ್ತು, ಪುಟಸಂಖ್ಯೆಗಳನ್ನು ಇಲಿ ತಿಂದಿತ್ತು.

"ನನ್ನ ಹೆಂಡತೀದು. ಹೋದ ವರ್ಷ ತೀರಿಕೊಂಡ್ಳು. ಒಂದು ಹಾಳೆನೂ ಆಚೀಚೆ ಆಗ್ಬಾರ್ದಮ್ಮ," ಎಂದರು.

ಅತ್ತೆ ನನ್ನತ್ತ ತಿರುಗಿದರು. "ಕೇಳಿಸ್ತಾ? ಇದು ಕೆಟ್ಟರೆ ನೀನು ಮತ್ತೆ ಅಂಟು ಕಲಸೋಕೆ."

ಪುಟಸಂಖ್ಯೆ ಇಲ್ಲದ್ದನ್ನು ಓದದೆ ಜೋಡಿಸುವುದು ಹೇಗೆ? ಓದಿದೆ. ಅಬ್ಬಬ್ಬಾ, ಎಂಥಾ ಪುಸ್ತಕ! ಅದರಲ್ಲೊಬ್ಬ ಅಂಚೆಯವನು ಕಾಗದ ಹಂಚಿದಷ್ಟೂ ಹಗುರಾಗಿ, ಸಂಜೆ ಬೇಲಿಯ ಮೇಲೆ ತೇಲಿಕೊಂಡು ಮನೆಗೆ ಹೋಗುತ್ತಾನೆ. ಊರವರು 'ಇವತ್ತು ಬೇಗ ಮುಗೀತೇನಪ್ಪ' ಅನ್ನುತ್ತಾರೆ, ಅಷ್ಟೇ. ಒಬ್ಬ ಅಜ್ಜಿ ತಲೆ ಬಾಚಿದರೆ ಪುಟ್ಟ ಮೀನುಗಳು ಉದುರುತ್ತವೆ. ಬೈದುಕೊಂಡೇ ಹೆಕ್ಕಿ ಬಾವಿಗೆ ಬಿಡುತ್ತಾಳೆ. ವಾಕ್ಯಗಳಂತೂ ಪುಟದುದ್ದ, ಬಾಯಿಬಿಟ್ಟು ಓದಿದರೆ ಉಯ್ಯಾಲೆಯಲ್ಲಿ ಕೂತ ಹಾಗೆ. ನಡುವೆ ಅಜ್ಜಿ ಸತ್ತಾಗ ಮೂಗೊರೆಸಿಕೊಂಡೆ.

ಓದಿದ ಹದಿನಾರು ಪುಟದ ಕಂತೆಗಳನ್ನು ಬಲಗಡೆ ಮಗುಚಿ ಪೇರಿಸುತ್ತಾ ಬಂದೆ. ಎಲ್ಲ ಮುಗಿದ ಮೇಲೂ ಮನಸ್ಸು ತಡೆಯದೆ, ಅಜ್ಜಿಯ ಮೀನಿನ ಕಂತೆಯನ್ನು ಹುಡುಕಿ ತೆಗೆದು ಇನ್ನೊಮ್ಮೆ ಓದಿ, ರಾಶಿಯ ಮೇಲಿಟ್ಟೆ. ಹಾಗೇ ಹೊಲಿದೆ. ರಟ್ಟು ಹಾಕಿ ಕೊಟ್ಟೂ ಆಯಿತು.

ಎರಡು ದಿನದ ಮೇಲೆ ಪಾತ್ರೆ ತೊಳೆಯುವಾಗ ಹೊಳೆಯಿತು: ಸತ್ತ ಅಜ್ಜಿ ಪುಸ್ತಕದ ಕೊನೆಯಲ್ಲಿ ಎದ್ದು ಕೂತು ತಲೆ ಬಾಚುತ್ತಿದ್ದಾಳೆ! ಅದೂ ಅರ್ಧ ವಾಕ್ಯದಲ್ಲಿ! ಅತ್ತೆಗೆ ಹೇಳಲಿಲ್ಲ, ನನಗೇನು ತಲೆ ಕೆಟ್ಟಿದೆಯೇ?

ಮರುವಾರ ಔಷಧಿ ಅಂಗಡಿಯವರು ಪುಸ್ತಕ ಹಿಡಿದು ಬಂದೇಬಿಟ್ಟರು. ಅವರು ಬಾಯಿ ತೆರೆಯುವ ಮೊದಲೇ, "ತಪ್ಪಾಯ್ತು ಸಾರ್. ಅಜ್ಜಿ ಕಂತೆ ಕೊನೆಗೆ ಸೇರಿಬಿಟ್ಟಿದೆ. ಬಿಚ್ಚಿ ಸರಿ ಮಾಡ್ಕೊಡ್ತೀನಿ," ಎಂದು ಒದರಿದೆ. ಅತ್ತೆ ನನ್ನನ್ನೇ ದುರುಗುಟ್ಟಿ ನೋಡಿದರು.

ಔಷಧಿ ಅಂಗಡಿಯವರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು. "ಬಿಚ್ಚೋದಾ? ಬೇಡ ಬೇಡ. ನನ್ನ ಹೆಂಡ್ತಿ ಪ್ರತಿ ಸಲ ಪುಸ್ತಕ ಮುಗಿಸಿ, ಹಿಂದಕ್ಕೆ ತಿರುಗಿಸಿ, ಆ ಮೀನಿನ ಭಾಗ ನಂಗೆ ಓದಿ ಹೇಳ್ತಿದ್ಲು. ಆಮೇಲೇ ಎದ್ದು ಚಹಾ ಇಡ್ತಿದ್ದಿದ್ದು. ನಿಂಗೆ ಹೇಗಮ್ಮ ಗೊತ್ತಾಯ್ತು?"

"ಗೊತ್ತಿರ್ಲಿಲ್ಲ ಸಾರ್. ನಂಗೂ ಅಜ್ಜೀನ ಬಿಟ್ಟಿರೋಕಾಗ್ಲಿಲ್ಲ."

ಅವರು ಹೋದ ಮೇಲೆ ಅತ್ತೆ ಅಂಟಿನ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದರು. ಕಾನೂನು ಕಾನೂನೇ. ತೆಪ್ಪಗೆ ಕಲಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಸ್ಟೂಲು ಎಳೆದುಕೊಂಡು ಅವರೇ ನನ್ನ ಪಕ್ಕ ಬಂದು ಕೂತರು.

"ಯಾವ ಮೀನೇ ಅದು? ಮೊದಲಿಂದ ಹೇಳು."