ಕೇಬಲ್ ಕಿತ್ತ ಗುಟ್ಟು

ಅತ್ತೆ ಸುಂಕಮ್ಮನಿಂದ ದೂರ ಬೇರೆ ಸಂಸಾರ ಹೂಡಲು ನರ್ಸ್ ಪಲ್ಲವಿ ಹೊಳಗುಂದದಿಂದ ಪತ್ತಿಕೊಂಡಕ್ಕೆ ವರ್ಗ ಕೇಳುವವಳಿದ್ದಳು. ಆದೇಶ ಬರುವ ತನಕ ಅತ್ತೆಗೆ ತಿಳಿಯಬಾರದಿತ್ತು. ಮೂರು ಕಾಗದಗಳನ್ನು ಸ್ಕ್ಯಾನ್ ಮಾಡಿಸಿ ಒಂದೇ ಪಿಡಿಎಫ್ ಮಾಡಿಸಲು ರಾಮಾಂಜಿಯ ಇಂಟರ್‌ನೆಟ್ ಅಂಗಡಿಗೆ ಬಂದಳು.

“ಯಾರಿಗೂ ಗೊತ್ತಾಗಬಾರದಣ್ಣ.”

“ಫೈಲು ಈ ಬ್ರೌಸರ್ ಬಿಟ್ಟು ಎಲ್ಲೂ ಹೋಗಂಗಿಲ್ಲ ಮೇಡಂ. ನೋಡ್ರಿ, ನೆಟ್ಟೇ ತೆಗೀತೀನಿ,” ಎಂದು ಅವನು ಕೇಬಲ್ ಕಿತ್ತ. ಆದರೂ ಮೂರೂ ಪುಟಗಳು ಆ ಕಂಪ್ಯೂಟರಿನಲ್ಲೇ ಒಂದು ಪಿಡಿಎಫ್ ಆಗಿ ಕೂಡಿಕೊಂಡವು.

ಓದು ಬಾರದ ಗಿರಾಕಿಗಳಿಗೆ ಕಾಗದ ಓದಿ ಹೇಳಿ ಒಪ್ಪಿಗೆ ಪಡೆಯುವುದು ಅವನ ರೂಢಿ. ಈಗಲೂ ಗಟ್ಟಿಯಾಗಿ ಓದಿದ: “ಒಂದನೇ ಪುಟ, ಪತ್ತಿಕೊಂಡಕ್ಕೆ ವರ್ಗಾವಣೆ ಅರ್ಜಿ. ಅರ್ಜಿದಾರರು ಪಲ್ಲವಿ...”

ಸರದಿಯಲ್ಲಿ ಐದು ಮಂದಿ ಇದ್ದರು.

ಪಲ್ಲವಿ ಮನೆ ತಲುಪಿದಾಗ ಸುಂಕಮ್ಮ ಬಾಗಿಲಲ್ಲೇ ಕೂತಿದ್ದಳು. “ಪತ್ತಿಕೊಂಡಕ್ಕೆ ಹೊಂಟೀಯಂತಲ್ಲವ್ವಾ? ನಾನೂ ಗಂಟು ಕಟ್ಟೀನಿ.”